ಖಾಖರಾ ಎಂಬ ಚಮಚ

ಊರಿನಿಂದ ಬಂದ ಅವ್ವನನ್ನು ಅಹಮದಾಬಾದಿನ ವಿಶಾಲಾ ಹೋಟೆಲಿನ ಆವರಣದಲ್ಲಿರುವ ಪಾತ್ರೆಗಳ ಮ್ಯೂಸಿಯಂಗೆ ಕರೆದೊಯ್ದಿದ್ದೆ. ಹಿತ್ತಾಳೆ ತಂಬಿಗೆಯೊಂದರ ಮುಂದೆ ಆಕೆ ನಿಂತೇಬಿಟ್ಟಳು. "ಇಂಥವ ಎರಡು ತೂಕಕ್ಕ ಹಾಕಿ ಸ್ಟೀಲಿನವು ತಗೊಂಡ್ವಿ ನೋಡವಾ" ಎಂದಳು. ಸುರೇಂದ್ರ ಪಟೇಲ್ 1981ರಲ್ಲಿ ಈ ಮ್ಯೂಸಿಯಂ ತೆರೆದದ್ದೂ ಹಳ್ಳಿಗಳ ಹಳೆಯ ಪಾತ್ರೆಗಳು ಹೀಗೆ ಕರಗಿಹೋಗುತ್ತಿದ್ದುದನ್ನು ಕಂಡೇ. ಅಡಕತ್ತರಿಗಳನ್ನು ನೋಡಲಿಕ್ಕೇ ನಮಗೆ ಅರ್ಧ ಗಂಟೆ ಹಿಡಿಯಿತು.

ಇಲ್ಲಿನ ಬಟ್ಟಲಿನ ಕಥೆ ಇನ್ನೂ ಹಳೆಯದು. ಸುಮಾರು 80 ಕಿ.ಮೀ. ದೂರದ ಲೋಥಲ್‌ನಲ್ಲಿ 1955ರಿಂದ ಉತ್ಖನನ ನಡೆಸಿದವರು ನಮ್ಮ ಶಿವಮೊಗ್ಗ ಜಿಲ್ಲೆಯ ಎಸ್.ಆರ್. ರಾವ್, ಮೊದಲು ಬರೋಡಾ ಸಂಸ್ಥಾನದ ಪುರಾತತ್ವ ಇಲಾಖೆಯಲ್ಲಿದ್ದವರು. ಅಲ್ಲಿ ಸಿಕ್ಕ ನಾಲ್ಕು ಸಾವಿರ ವರ್ಷ ಹಿಂದಿನ ಮಣ್ಣಿನ ಪಾತ್ರೆಗಳಲ್ಲಿ, ಪಕ್ಕಕ್ಕೆ ಗುಂಡಿಯಂಥ ಹಿಡಿಕೆಯಿರುವ ಬಟ್ಟಲೂ ಇದೆ. ಕೈ ಸುಡದಿರಲೆಂದು ಇರಬೇಕು ಎಂಬುದು ನನ್ನ ಊಹೆ.

ಚಮಚದ ಕೆಲಸವನ್ನು ನಮ್ಮಲ್ಲಿ ರೊಟ್ಟಿಯ ತುಂಡೇ ಮಾಡುತ್ತಿತ್ತು, ಗುಜರಾತಿಗಳಲ್ಲಿ ಖಾಖರಾ. ವಿಮಾನದಲ್ಲಿ ಸಹಪ್ರಯಾಣಿಕರೊಬ್ಬರು ಖಾಖರಾವನ್ನೇ ಚಮಚ ಮಾಡಿಕೊಂಡಿದ್ದನ್ನು ನೋಡಿ ಹೈದರಾಬಾದಿನ ನಾರಾಯಣ ಪೀಸಪಾಟಿಯವರಿಗೆ ಜೋಳದ ಹಿಟ್ಟಿನ, ತಿನ್ನಬಹುದಾದ ಚಮಚ ಹೊಳೆಯಿತಂತೆ. ವಡೋದರಾದ ಕೃವಿಲ್ ಪಟೇಲ್ ಕೂಡ 'ತ್ರಿಶೂಲಾ' ಹೆಸರಿನಲ್ಲಿ ಇಂಥ ಚಮಚ ತಯಾರಿಸಿದರು. ಅಂದ ಹಾಗೆ, ಎಲೆಯಿಂದ ಪತ್ರಾವಳಿ ಹಚ್ಚುವ ನಮ್ಮ ಮುತ್ತುಗದ ಮರಕ್ಕೆ ಗುಜರಾತಿಯಲ್ಲಿ 'ಖಾಖರೋ' ಎನ್ನುತ್ತಾರೆ. ತಟ್ಟೆಗೂ ಚಮಚಕ್ಕೂ ಹೆಚ್ಚುಕಡಿಮೆ ಒಂದೇ ಹೆಸರು!

ಪ್ಲಾಸ್ಟಿಕ್ ಚಮಚಕ್ಕೆ 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಿದೆ. ಆದರೂ ಕಳೆದ ರಾಜ್ಯೋತ್ಸವದ ಊಟದ ನಂತರ ಕಸದ ಚೀಲ ಕಟ್ಟಿದವಳು ನಾನೇ. ಒಳಗೆ ಏನಿತ್ತೆಂದು ನನಗೆ ಗೊತ್ತು.

ಹಾಗಾಗಿ ಮನೆಯಲ್ಲೇ ಒಂದು ಪ್ರಯೋಗ ಮಾಡಿದೆ. ಸ್ಟೀಲ್ ಚಮಚದ ಬೆನ್ನಿಗೆ ಜೋಳದ ಹಿಟ್ಟು ಒತ್ತಿ ಓವನ್ನಿನಲ್ಲಿಟ್ಟರೆ ಎಲ್ಲವೂ ಬಿರುಕು ಬಿಟ್ಟವು. ಗೋಧಿಯ ಜಿಗುಟು ಜೋಳಕ್ಕಿಲ್ಲವಲ್ಲ! ಮೂರರಲ್ಲಿ ಒಂದು ಪಾಲು ಗೋಧಿ ಹಿಟ್ಟು ಬೆರೆಸಿದಾಗ ಆಕಾರ ನಿಂತಿತು. ಹುಗ್ಗಿಗೆ ತಡೆಯಿತು, ಸಾರಿನಲ್ಲಿ ಹತ್ತು ನಿಮಿಷಕ್ಕೆ ಸೋತಿತು. ಸೂರತ್‌ನ ಗೆಳತಿ ರಾಗಿ ಹಿಟ್ಟಿನಲ್ಲಿ ಮಾಡಿ ನೋಡುತ್ತಿದ್ದಾಳೆ. ಫಲಿತಾಂಶ ಇನ್ನೂ ಬಂದಿಲ್ಲ.

ಬರುವ ನವೆಂಬರಿನಲ್ಲಿ ಹುಗ್ಗಿಯ ಜೊತೆ ಇದನ್ನೇ ಕೊಡೋಣವೆಂದು ಸಮಿತಿಯನ್ನು ಕೇಳಿದ್ದೇನೆ. ಇನ್ನೂರು ಚಮಚ ಬೇಕು, ನನ್ನ ಓವನ್ನಿನಲ್ಲಿ ಒಮ್ಮೆಗೆ ಹನ್ನೆರಡೇ ಹಿಡಿಯುತ್ತವೆ. ಓವನ್ ಇರುವವರು ದಯವಿಟ್ಟು ಹೆಸರು ಕೊಡಿ.