ಮರದ ರೋಗವೂ ಸರ್ಕಾರದ ಕರಪತ್ರವೂ: ಮೈಸೂರು ಸೀಮೆಯ ಎರಡು ನಿದರ್ಶನಗಳು

೧

ಶಾಸನ, ಕಡತ, ಕೈಫಿಯತ್ತು, ಪ್ರವಾಸಿಗಳ ಬರಹ ಇವು ಚರಿತ್ರೆಯ ಆಧಾರಗಳೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಸರ್ಕಾರದ ಇಲಾಖೆಗಳು ಅಚ್ಚು ಹಾಕಿಸಿ ಹಂಚಿದ ತೆಳುವಾದ ತಿಳಿವಳಿಕೆಯ ಪತ್ರಿಕೆಗಳನ್ನು ಆ ಪಟ್ಟಿಯಲ್ಲಿ ಸೇರಿಸುವುದು ಅಪರೂಪ. ಅವು ಕಾಪಾಡಿಡಬೇಕಾದ ಗ್ರಂಥಗಳೆಂದು ಯಾರಿಗೂ ತೋರುವುದಿಲ್ಲ. ಕೆಲಸ ಮುಗಿದೊಡನೆ ಮೂಲೆ ಸೇರುತ್ತವೆ. ಆದರೆ ಸರ್ಕಾರವು ತನಗೆ ತಿಳಿದುದನ್ನು ಯಾರಿಗೆ ತಿಳಿಸಬಯಸಿತು, ಯಾರಿಗೆ ತಿಳಿಸುವ ಅಗತ್ಯವಿಲ್ಲವೆಂದು ಭಾವಿಸಿತು ಎಂಬುದನ್ನು ಅರಿಯಲು ಇವು ಉತ್ತಮವಾದ ಆಧಾರಗಳು. ಮರಗಳಿಗೆ ತಗಲುವ ಕೀಟ ಮತ್ತು ರೋಗಗಳನ್ನು ಕುರಿತ ಪ್ರಕಟಣೆಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂತಹ ಪ್ರಕಟಣೆಗಳಲ್ಲಿ ಮೂರು ಮೆಟ್ಟಿಲುಗಳನ್ನು ಗುರುತಿಸಬಹುದು. ಮೊದಲನೆಯದು ವಿಜ್ಞಾನಿ ವಿಜ್ಞಾನಿಗಾಗಿ ಬರೆಯುವ ಸಂಶೋಧನ ಪ್ರಬಂಧ. ಎರಡನೆಯದು ಇಲಾಖೆಯ ಅಧಿಕಾರಿಗಳಿಗಾಗಿ ಹೊರಡುವ ಬುಲೆಟಿನ್ನು. ಮೂರನೆಯದು ಮರದ ಬುಡದಲ್ಲಿ ನಿಂತವನಿಗಾಗಿ ಬರೆದ ಕರಪತ್ರ. ಈ ಮೂರನೆಯ ಬಗೆಯ ಸ್ಪಷ್ಟ ರೂಪವನ್ನು ಅಮೆರಿಕದ ಅರಣ್ಯ ಸೇವೆಯು ೧೯೫೦ರ ದಶಕದಲ್ಲಿ ಹೊರತಂದ 'ಅರಣ್ಯ ಪೀಡೆ ಕರಪತ್ರ'ಗಳ ಮಾಲೆಯಲ್ಲಿ ಕಾಣಬಹುದು. ಒಂದು ಪತ್ರಕ್ಕೆ ಒಂದೇ ಕೀಟ ಅಥವಾ ಒಂದೇ ರೋಗ. ಅದನ್ನು ಗುರುತಿಸುವ ಬಗೆ, ಅದರ ಜೀವನಕ್ರಮ, ಅದರಿಂದಾಗುವ ಹಾನಿ, ಅದರ ನಿವಾರಣೆ. ಇಷ್ಟೇ ಅದರ ಹೂರಣ. ನಮ್ಮ ದೇಶದಲ್ಲಿಯೂ ಈ ಕೆಲಸ ಬಹು ಹಿಂದೆಯೇ ಆರಂಭವಾಗಿತ್ತು. ೧೮೭೫ರಲ್ಲಿ 'ಇಂಡಿಯನ್ ಫಾರೆಸ್ಟರ್' ಪತ್ರಿಕೆ ಹುಟ್ಟಿತು. ೧೮೯೯ರಲ್ಲಿ ಇ. ಪಿ. ಸ್ಟೆಬ್ಬಿಂಗನು ಭಾರತದ ಅರಣ್ಯಗಳ ಹಾನಿಕಾರಕ ಕೀಟಗಳನ್ನು ಕುರಿತು ಪುಸ್ತಕವೊಂದನ್ನು ಪ್ರಕಟಿಸಿದನು. ೧೯೦೬ರಲ್ಲಿ ಡೆಹರಾಡೂನಿನಲ್ಲಿ ಅರಣ್ಯ ಸಂಶೋಧನ ಸಂಸ್ಥೆಯು ಸ್ಥಾಪಿತವಾದ ಮೇಲೆ ಬುಲೆಟಿನ್ನುಗಳೂ 'ಅರಣ್ಯ ದಾಖಲೆ'ಗಳೂ ಅವ್ಯಾಹತವಾಗಿ ಹೊರಬಂದವು. ಈ ಸಾಹಿತ್ಯವು ಮೂರನೆಯ ಮೆಟ್ಟಿಲಿನವರೆಗೆ ಇಳಿದು ಬಂದಿತೆ? ಬಂದಲ್ಲಿ ಏಕೆ ಬಂದಿತು, ಬಾರದಲ್ಲಿ ಏಕೆ ಬರಲಿಲ್ಲ? ಮೈಸೂರು ಸೀಮೆಯ ಎರಡು ಮರಗಳು, ಎಂದರೆ ಅಡಕೆ ಮತ್ತು ಶ್ರೀಗಂಧ, ಈ ಪ್ರಶ್ನೆಗೆ ಉತ್ತರ ನೀಡುತ್ತವೆ.

೨

ಅಡಕೆಯು ಕಾಡಿನ ಮರವಲ್ಲ, ತೋಟದ ಮರ. ಆದರೂ ಮಲೆನಾಡಿನ ತೋಟವು ಕಾಡಿನ ಮಡಿಲಲ್ಲಿಯೇ ಇರುವುದರಿಂದಲೂ, ಮರದ ರೋಗವನ್ನು ಕುರಿತ ಸರ್ಕಾರದ ಪ್ರಕಟಣೆಯು ನಮ್ಮಲ್ಲಿ ಮೊದಲು ಫಲ ಕೊಟ್ಟುದು ಇಲ್ಲಿಯೇ ಆದುದರಿಂದಲೂ ಇದನ್ನು ಮೊದಲು ನೋಡುವುದು ಯುಕ್ತ.

ಮುಂಗಾರಿನ ಎಡೆಬಿಡದ ಮಳೆಯಲ್ಲಿ ಎಳೆಯ ಅಡಕೆಯು ಕೊಳೆತು ಉದುರುವುದನ್ನು ಮಲೆನಾಡಿನ ರೈತರು ಕೊಳೆರೋಗವೆಂದು ಕರೆದರು. ಈ ಹೆಸರಿಗೇ ಒಂದು ಚರಿತ್ರೆಯುಂಟು. ಮೈಸೂರಿನ ಕಾಫಿ ಗಿಡಗಳಲ್ಲಿ ಕಂಡ ಇಂತಹುದೇ ಕೊಳೆಯ ಶಿಲೀಂಧ್ರಕ್ಕೆ ಎಂ. ಸಿ. ಕುಕ್ ಎಂಬ ಆಂಗ್ಲ ಶಿಲೀಂಧ್ರಶಾಸ್ತ್ರಜ್ಞನು ೧೮೭೬ರಲ್ಲಿ 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು ನಾಮಕರಣ ಮಾಡಿದನು. ಹೀಗೆ ನಮ್ಮ ರೈತನ ಬಾಯ ಮಾತು ಲ್ಯಾಟಿನ್ ನಾಮಾವಳಿಯೊಳಗೆ ಸೇರಿತು. ಹಳ್ಳಿಯಿಂದ ಶಾಸ್ತ್ರಗ್ರಂಥಕ್ಕೆ ತಿಳಿವು ಏರಿಹೋದ ದಾರಿಯಿದು. ಶಾಸ್ತ್ರಗ್ರಂಥದಿಂದ ಹಳ್ಳಿಗೆ ಅದು ಮರಳಿ ಬಂದ ದಾರಿಯನ್ನು ಮುಂದೆ ನೋಡಬೇಕು.

೧೯೦೮ರಲ್ಲಿ ಕೆನಡ ದೇಶದ ಲೆಸ್ಲಿ ಸಿ. ಕೋಲ್ಮನ್‌ರು ಮೈಸೂರು ಸರ್ಕಾರದ ಶಿಲೀಂಧ್ರ ಮತ್ತು ಕೀಟ ಶಾಸ್ತ್ರಜ್ಞರಾಗಿ ಬಂದರು. ಮುಂದೆ ೧೯೧೩ರಲ್ಲಿ ಅವರೇ ಕೃಷಿ ಇಲಾಖೆಯ ನಿರ್ದೇಶಕರಾದರು. ಅಡಕೆಯ ಕೊಳೆರೋಗವನ್ನು ಕುರಿತ ಅವರ ಬುಲೆಟಿನ್ನು ೧೯೧೦ರಲ್ಲಿ ಪ್ರಕಟವಾಯಿತು. ಅದಕ್ಕೆ ಮೊದಲು ರೈತರು ಕೈಕಟ್ಟಿ ಕುಳಿತಿರಲಿಲ್ಲವೆಂಬುದನ್ನು ನೆನೆಯಬೇಕು. ಮಳೆಗಾಲಕ್ಕೆ ಮುನ್ನ ಗೊನೆಗಳ ಮೇಲೆ ಮಳೆನೀರು ಬೀಳದಂತೆ ಕೊಟ್ಟೆ ಕಟ್ಟುವ ಪದ್ಧತಿಯು ಮಲೆನಾಡಿನಲ್ಲಿ ರೂಢಿಯಲ್ಲಿತ್ತು. ಅದು ಪರಿಣಾಮಕಾರಿಯಾದರೂ ಬಹಳ ಶ್ರಮದ ಕೆಲಸ. ಫ್ರಾನ್ಸಿನ ದ್ರಾಕ್ಷಿತೋಟಗಳಲ್ಲಿ ೧೮೮೫ರ ಸುಮಾರಿಗೆ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಕ್ರಮವನ್ನು ಕೋಲ್ಮನ್‌ರು ಪ್ರಚಾರಕ್ಕೆ ತಂದರು. ಮೈಲುತುತ್ತ, ಸುಣ್ಣ, ನೀರು ಇವಿಷ್ಟೇ ಅದರ ಸಾಮಗ್ರಿ. ಇಂದಿಗೂ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಎಂಬ ಪ್ರಮಾಣವನ್ನು ಬೆಳೆಗಾರರು ಬಾಯಲ್ಲಿಯೇ ಹೇಳಬಲ್ಲರು. ಮುಂಗಾರು ಹಿಡಿಯುವ ಮೊದಲೊಮ್ಮೆ, ನಲವತ್ತು ನಲವತ್ತೈದು ದಿನಗಳ ತರುವಾಯ ಇನ್ನೊಮ್ಮೆ ಔಷಧಿ ಹೊಡೆಯುವುದು ಮಲೆನಾಡಿನ ವರ್ಷದ ಲೆಕ್ಕದೊಳಗೆ ಸೇರಿಹೋಗಿದೆ.

ಈ ಯಶಸ್ಸನ್ನು ಅಚ್ಚಾದ ಕಾಗದವೊಂದಕ್ಕೇ ಆರೋಪಿಸಲಾಗದು. ಕಾಗದದ ಜೊತೆಗೆ ತೋಟದಲ್ಲಿ ನಿಂತು ಮಾಡಿ ತೋರಿಸುವ ಕ್ರಮವೂ ಇತ್ತು. ಅದಕ್ಕಿಂತ ಮುಖ್ಯವಾಗಿ ಮೂರು ಅನುಕೂಲಗಳು ಒಂದೆಡೆ ಕೂಡಿದ್ದವು: ರೋಗದ ಕಾರಣ ತಿಳಿದಿತ್ತು, ನಿವಾರಣೆಯು ರೈತನ ಕೈಗೆಟುಕುವಂತಿತ್ತು, ಮರವೂ ಫಲವೂ ರೈತನವೇ ಆಗಿದ್ದವು. ಓದಿದವನಿಗೆ ಓದಿದುದರಿಂದ ಲಾಭವಿತ್ತು. ಓದಬಾರದವನೂ ನೆರೆಯ ತೋಟವನ್ನು ನೋಡಿ ಕಲಿಯಬಹುದಾಗಿತ್ತು.

೩

ಗಂಧದ ಮರದ ಕಥೆ ಬೇರೆ. ೧೭೯೨ರಲ್ಲಿ ಟಿಪ್ಪುಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದನೆಂಬುದು ಪ್ರಸಿದ್ಧವಾದ ಸಂಗತಿ. ಅನಂತರದ ಸರ್ಕಾರಗಳೂ ಆ ಹಕ್ಕನ್ನು ಬಿಡಲಿಲ್ಲ. ಗಂಧವು ರೈತನ ಹೊಲದ ಬದುವಿನಲ್ಲಿ ಹುಟ್ಟಿದರೂ ಮರವು ಸರ್ಕಾರದ್ದು. ಅದನ್ನು ಕಾಯುವ ಹೊಣೆ ಮಾತ್ರ ರೈತನದು. ಮೈಸೂರಿನ ಬೊಕ್ಕಸಕ್ಕೆ ಗಂಧವು ದೊಡ್ಡ ಆದಾಯ. ೧೯೧೪ರ ಯುದ್ಧದಿಂದ ಯೂರೋಪಿನ ಮಾರಾಟ ನಿಂತಾಗ ಸರ್ಕಾರವೇ ಎಣ್ಣೆ ತೆಗೆಯಲು ಮುಂದಾಯಿತು. ೧೯೧೬ರಲ್ಲಿ ಬೆಂಗಳೂರಿನಲ್ಲಿಯೂ, ಮರುವರ್ಷ ಮೈಸೂರಿನಲ್ಲಿಯೂ ಕಾರ್ಖಾನೆಗಳು ಆರಂಭವಾದವು. ಅದೇ ಕಾಲದಲ್ಲಿ ಕಾಡಿನಲ್ಲಿ ಗಂಧವು ಸಾಯುತ್ತಿತ್ತು.

'ಸ್ಪೈಕ್' ಎಂಬ ಈ ರೋಗವನ್ನು ಮೊದಲು ವರದಿ ಮಾಡಿದವನು ಮೆಕಾರ್ತಿ ಎಂಬ ಅರಣ್ಯಾಧಿಕಾರಿ. ಸ್ಥಳ ಕೊಡಗು, ವರ್ಷ ೧೮೯೯. ರೋಗ ತಗಲಿದ ಮರದ ಎಲೆಗಳು ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಸೆಟೆದು ನಿಲ್ಲುತ್ತವೆ. ಗೆಣ್ಣುಗಳ ನಡುವಣ ಅಂತರ ಕುಗ್ಗುತ್ತದೆ. ಕಾಯಿ ಕಟ್ಟುವುದು ನಿಲ್ಲುತ್ತದೆ. ಎರಡು ಮೂರು ವರ್ಷಗಳಲ್ಲಿ ಮರ ಒಣಗುತ್ತದೆ. ಕೊಡಗು ಮೈಸೂರುಗಳಲ್ಲಿ ಲಕ್ಷಾಂತರ ಮರಗಳನ್ನು ಕಿತ್ತುಹಾಕಬೇಕಾಯಿತು.

ಕಾರಣವನ್ನು ಕುರಿತು ವಾದಗಳು ಹುಟ್ಟಿದವು. ಕಾಡುಗಿಚ್ಚೆಂದು ಕೆಲವರು, ಲಾಂಟಾನದ ಹಾವಳಿಯೆಂದು ಕೆಲವರು, ಮರದ ರಸಸಂಚಾರದ ಏರುಪೇರೆಂದು ಡೆಹರಾಡೂನಿನ ಆರ್. ಎಸ್. ಹೋಲ್ ವಾದಿಸಿದರು. ಗಂಧವು ಇತರ ಗಿಡಗಳ ಬೇರಿನಿಂದ ಆಹಾರ ಹೀರುವ ಅರೆಪರಾವಲಂಬಿಯಾದುದರಿಂದ ಸಮಸ್ಯೆ ಇನ್ನಷ್ಟು ಜಟಿಲವಾಗಿತ್ತು. ರೋಗದ ಕೊಂಬೆಯನ್ನು ಆರೋಗ್ಯದ ಮರಕ್ಕೆ ಕಸಿಮಾಡಿದರೆ ರೋಗ ಹರಡುವುದೆಂಬುದನ್ನು ಕೋಲ್ಮನ್‌ರು ಪ್ರಯೋಗದಿಂದ ತೋರಿಸಿ ೧೯೧೭ರಲ್ಲಿ ಬುಲೆಟಿನ್ನನ್ನು ಪ್ರಕಟಿಸಿದರು. ಇದು ನಿಜವಾಗಿಯೂ ದೊಡ್ಡ ಹೆಜ್ಜೆ. ರೋಗವು ಅಂಟುರೋಗವೆಂಬುದು ಇದರಿಂದ ಸ್ಥಿರಪಟ್ಟಿತು. ಆದರೆ ಕಾಡಿನಲ್ಲಿ ಕಸಿಮಾಡುವವರಾರು? ರೋಗವನ್ನು ಹೊತ್ತು ತಿರುಗುವುದು ಯಾವುದು? ೧೯೨೦ರ ದಶಕದ ಕೊನೆಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಈ ಶೋಧನೆ ಮುಂದುವರಿಯಿತು. ಡೆಹರಾಡೂನಿನ 'ಅರಣ್ಯ ದಾಖಲೆ'ಗಳಲ್ಲಿ ಗಂಧದ ಮೇಲೆ ಸಿಕ್ಕ ಕೀಟಗಳನ್ನು ಕುಲಕುಲವಾಗಿ ವಿಂಗಡಿಸಿ ವರ್ಣಿಸುವ ಸುದೀರ್ಘ ಮಾಲೆಯೇ ಅಚ್ಚಾಯಿತು. ೧೯೩೫ರಲ್ಲಿ ರಂಗಸ್ವಾಮಿ ಮತ್ತು ಶ್ರೀನಿವಾಸಯ್ಯ ಇವರು ಒಂದು ಬಗೆಯ ಜಿಗಿಹುಳುವು ರೋಗವಾಹಕವೆಂದು 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ವರದಿ ಮಾಡಿದರು. ಕಾರಣವು ವೈರಸ್ ಎಂಬ ನಂಬಿಕೆ ಬಹುಕಾಲ ನಿಂತಿತು. ೧೯೬೯ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದ ನೆರವಿನಿಂದ ಅದು ವೈರಸ್ ಅಲ್ಲ, ಮೈಕೋಪ್ಲಾಸ್ಮವನ್ನು ಹೋಲುವ ಜೀವಿಯೆಂದು ಕಂಡುಬಂದಿತು. ಇಂದು ಅದನ್ನು ಫೈಟೋಪ್ಲಾಸ್ಮ ಎನ್ನುತ್ತಾರೆ.

ಹೀಗೆ ಎಪ್ಪತ್ತು ವರ್ಷಗಳ ಕಾಲ ಗಂಧದ ರೋಗವನ್ನು ಕುರಿತು ರಾಶಿ ಸಾಹಿತ್ಯ ಬೆಳೆಯಿತು. ಆದರೆ ಮೇಲೆ ಹೆಸರಿಸಿದ ಬರಹಗಳೆಲ್ಲವೂ ಇಂಗ್ಲಿಷಿನವು. ವಿಜ್ಞಾನಿಯನ್ನೋ ಅಧಿಕಾರಿಯನ್ನೋ ಉದ್ದೇಶಿಸಿದವು. ಬದುವಿನ ಗಂಧವನ್ನು ದಿನವೂ ಕಾಣುತ್ತಿದ್ದ ರೈತನು ಇವುಗಳ ಓದುಗನಲ್ಲ.

೪

ಇದಕ್ಕೆ ಅಧಿಕಾರಿಗಳ ಉದಾಸೀನವೇ ಕಾರಣವೆಂದು ಹೇಳಿಬಿಡುವುದು ಸುಲಭ, ನ್ಯಾಯವಲ್ಲ. ಅಡಕೆಯ ಬುಲೆಟಿನ್ನನ್ನು ಬರೆದ ಕೈಯೇ ಗಂಧದ ಬುಲೆಟಿನ್ನನ್ನೂ ಬರೆಯಿತು. ಭೇದವಿದ್ದುದು ಬೇರೆಡೆ. ಕರಪತ್ರದ ಕೊನೆಯ ಭಾಗ 'ನಿವಾರಣೆ'. ಗಂಧದ ವಿಷಯದಲ್ಲಿ ಆ ಭಾಗದಲ್ಲಿ ಬರೆಯಲು 'ರೋಗದ ಮರವನ್ನು ಕಿತ್ತುಹಾಕಿ' ಎಂಬುದರ ಹೊರತು ಹೆಚ್ಚೇನೂ ಇರಲಿಲ್ಲ. ಸರ್ಕಾರದ ಮರವನ್ನು ಕೀಳಲು ರೈತನಿಗೆ ಅಧಿಕಾರವಿಲ್ಲ. ಮರ ಉಳಿದರೂ ಅವನಿಗೆ ಹೆಚ್ಚಿನ ಲಾಭವಿಲ್ಲ. ಓದುಗನು ಮಾಡಬಹುದಾದುದೇನೂ ಇಲ್ಲದಿರುವಾಗ ಕರಪತ್ರಕ್ಕೆ ಎಡೆಯೆಲ್ಲಿ?

ಆದರೆ ನಿವಾರಣೆಯು ಕೈಗೆಟುಕುವಂತಿದ್ದಲ್ಲಿ, ಮರವು ಸರ್ಕಾರದ್ದಾದರೂ ಹಳ್ಳಿಯವರನ್ನು ಕೂಡಿಸಿಕೊಳ್ಳುವುದು ಸಾಧ್ಯವಾಯಿತೆಂಬುದಕ್ಕೆ ಮಧ್ಯ ಭಾರತದ ಸಾಲ ವೃಕ್ಷ ನಿದರ್ಶನ. ಸಾಲದ ತಿರುಳನ್ನು ಕೊರೆಯುವ ದುಂಬಿಯೊಂದು ೧೯೨೩ರಿಂದ ೧೯೨೮ರವರೆಗೆ ಅಲ್ಲಿನ ಅರಣ್ಯಗಳನ್ನು ಹಾಳುಮಾಡಿತು. ಹೊಸದಾಗಿ ಕಡಿದು ಜಜ್ಜಿದ ಸಾಲದ ತುಂಡಿನ ರಸಕ್ಕೆ ಈ ದುಂಬಿಗಳು ಮುತ್ತುತ್ತವೆ. ಡೆಹರಾಡೂನಿನ ಕೀಟಶಾಸ್ತ್ರಜ್ಞ ಸಿ. ಎಫ್. ಸಿ. ಬೀಸನ್‌ರ ಕಾಲದಲ್ಲಿ ರೂಪುಗೊಂಡ 'ಬಲೆಮರ'ದ ಉಪಾಯಕ್ಕೆ ಇದೇ ತಳಹದಿ. ಮಳೆಗಾಲದ ಆರಂಭದಲ್ಲಿ ತುಂಡುಗಳನ್ನು ಇಟ್ಟು, ಬಂದ ದುಂಬಿಗಳನ್ನು ಹಳ್ಳಿಗರಿಂದ ಹಿಡಿಸಿ, ಎಣಿಸಿ ಹಣ ಕೊಡುವುದು ಅದರ ಕ್ರಮ. ೧೯೯೦ರ ದಶಕದ ಕೊನೆಯಲ್ಲಿ ಮಧ್ಯಪ್ರದೇಶದಲ್ಲಿ ಅದೇ ಹಾವಳಿ ಮರಳಿದಾಗಲೂ ಇದೇ ಉಪಾಯವನ್ನು ಕೈಗೊಂಡರು. ಇಲ್ಲಿ ಅಕ್ಷರ ಬಾರದವನಿಗೂ ಶಾಸ್ತ್ರದ ಸಾರವು ಕೆಲಸದ ರೂಪದಲ್ಲಿ ಮುಟ್ಟಿತು.

೫

ಮೇಲಿನ ಪರಿಶೀಲನೆಯಿಂದ ತಿಳಿಯುವುದಿಷ್ಟು. ಮರದ ರೋಗವನ್ನು ಕುರಿತ ಕರಪತ್ರವು ಭಾಷೆ ಸುಲಭವಾದ ಮಾತ್ರಕ್ಕೆ ಜನರನ್ನು ಮುಟ್ಟುವುದಿಲ್ಲ. ಜನರು ಮಾಡಬಹುದಾದ ಕೆಲಸವೊಂದು ಅದರಲ್ಲಿರಬೇಕು. ಮಾಡುವುದರಿಂದ ಅವರಿಗೆ ಫಲವೂ ಇರಬೇಕು. ಅಡಕೆಗೆ ಎರಡೂ ಇದ್ದವು. ಗಂಧಕ್ಕೆ ಎರಡೂ ಇರಲಿಲ್ಲ. ಸಾಲಕ್ಕೆ ಕೆಲಸವಿತ್ತು, ಫಲವನ್ನು ಕೂಲಿಯ ರೂಪದಲ್ಲಿ ಒದಗಿಸಿದರು.

ಗಂಧದ ಸ್ಥಿತಿಯಲ್ಲಿ ಈಚೆಗೆ ಬದಲಾವಣೆಯಾಗಿದೆ. ೨೦೦೧ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಂದ ತಿದ್ದುಪಡಿಯಿಂದ ತನ್ನ ಜಮೀನಿನ ಗಂಧಕ್ಕೆ ರೈತನೇ ಒಡೆಯನಾದನು. ಈಗ ಅವನಿಗೆ ರೋಗದ ಲಕ್ಷಣವನ್ನು ತಿಳಿಯಬೇಕೆಂಬ ಆಸಕ್ತಿಯುಂಟು, ಕನ್ನಡದಲ್ಲಿ ತಿಳಿಸಬೇಕಾದ ಅಗತ್ಯವೂ ಉಂಟು. ಆದರೆ ಕಾಡಿಗೆ ಒಗ್ಗುವ ಚಿಕಿತ್ಸೆ ಇನ್ನೂ ದೊರೆತಿಲ್ಲ. ಓದುಗನು ದೊರೆತನು, ಬರೆಯಬೇಕಾದ 'ನಿವಾರಣೆ'ಯ ಭಾಗ ಇನ್ನೂ ತುಂಬಬೇಕಾಗಿದೆ.

ಕೊನೆಯದಾಗಿ ನಮ್ಮ ವಿದ್ಯಾರ್ಥಿಗಳಲ್ಲಿ ಒಂದು ಬಿನ್ನಹ. ಹಳೆಯ ತೋಟದ ಮನೆಗಳ ಅಟ್ಟದಲ್ಲಿ, ಸಹಕಾರ ಸಂಘಗಳ ಬೀರುಗಳಲ್ಲಿ ಇಂತಹ ಕರಪತ್ರಗಳು ಸಿಗುವ ಸಂಭವವುಂಟು. ಸಿಕ್ಕಿದುದನ್ನು ರದ್ದಿಗೆ ಹಾಕದೆ ವರ್ಷ, ಮುದ್ರಣಾಲಯ, ಭಾಷೆ, ಪ್ರತಿಯ ಅಂಚಿನಲ್ಲಿ ಓದುಗನು ಗೀಚಿದ ಲೆಕ್ಕ ಇವುಗಳನ್ನು ಗುರುತುಮಾಡಿಕೊಂಡು ಗ್ರಂಥಭಂಡಾರಕ್ಕೆ ಒಪ್ಪಿಸಬೇಕು. ಮೈಲುತುತ್ತದ ಬೆಲೆಯನ್ನು ಬರೆದಿಟ್ಟ ಅಂತಹ ಒಂದು ಅಂಚು, ಆ ಕಾಗದವು ಓದಿಸಿಕೊಂಡಿತೆಂಬುದಕ್ಕೆ ಇಲಾಖೆಯ ವಾರ್ಷಿಕ ವರದಿಗಿಂತ ಗಟ್ಟಿಯಾದ ಸಾಕ್ಷ್ಯವಾದೀತು.