ಪೆಟ್ಟಿಗೆಯಲ್ಲಿ ಬಂದ ಗಾಜಿನ ಮನೆ

ಹೋದ ಏಪ್ರಿಲ್‌ನಲ್ಲಿ ತಿಪಟೂರು ಕಡೆಯ ನಮ್ಮ ಚಿಕ್ಕಮ್ಮನ ಹಿತ್ತಿಲಿಗೆ ಒಂದು ಹಸಿರುಮನೆ ಬಂತು. ರಟ್ಟಿನ ಪೆಟ್ಟಿಗೆಯೊಳಗೆ ತೆಳ್ಳನೆಯ ಪೈಪುಗಳು, ಅವುಗಳನ್ನು ಕೂಡಿಸುವ ಪ್ಲಾಸ್ಟಿಕ್ ಮೂಲೆಗಳು, ಜಿಪ್ಪಿನ ಬಾಗಿಲಿದ್ದ ಒಂದು ಹೊದಿಕೆ. ಫೋನಿನಲ್ಲಿ ಚಿತ್ರ ನೋಡಿ ತರಿಸಿದ್ದು. ಅರ್ಧ ದಿನ ಕೂತು ಜೋಡಿಸಿದೆವು. ಎಲ್ಲ ಮುಗಿದ ಮೇಲೂ ನಾಲ್ಕು ಮೂಲೆಗಳು ಕೈಯಲ್ಲೇ ಉಳಿದವು, ಎಲ್ಲಿಗೆ ಸೇರಬೇಕಿತ್ತೋ ಗೊತ್ತಾಗಲಿಲ್ಲ.

ಮಧ್ಯಾಹ್ನ ಜಿಪ್ಪು ತೆಗೆದು ಒಳಗೆ ಕೈ ಇಟ್ಟರೆ ಒಲೆಯ ಬಾಯಿಗೆ ಕೈ ಇಟ್ಟಂತೆ. ಮೆಣಸಿನ ಸಸಿಗಳು ಮೂರೇ ದಿನಕ್ಕೆ ತಲೆ ಬಾಗಿಸಿದವು. ಮೂರನೇ ವಾರ ಸಂಜೆ ಮಳೆಗಾಳಿ ಬೀಸಿತು ನೋಡಿ, ಇಡೀ ಮನೆ ಎದ್ದು ಪಕ್ಕದವರ ಹುಣಸೆ ಮರದಲ್ಲಿ ಕೂತಿತು. ಚಿಕ್ಕಮ್ಮ ಸೊಂಟಕ್ಕೆ ಕೈ ಇಟ್ಟು ನಿಂತು, "ನಾಕು ಗೂಟ ಹೊಡೆದು ಸೋಗೆ ಚಪ್ಪರ ಹಾಕಿದ್ರೆ ಇಷ್ಟೊತ್ತಿಗೆ ಸಸಿ ಕೀಳ್ತಿದ್ವಿ ಕಣೇ" ಅಂದರು.

ಚಿಕ್ಕಮ್ಮನ ಮಾತು ಮುಕ್ಕಾಲು ಪಾಲು ಸರಿ. ಆದರೆ ಪೆಟ್ಟಿಗೆಯದೂ ಪೂರ್ತಿ ತಪ್ಪಲ್ಲ. ಅದು ಬೇರೆ ಊರಿನ ಚಳಿಗೆ ಹುಟ್ಟಿದ ವಸ್ತು. ಅದರ ಹುಟ್ಟಿನ ಕಥೆ ಗೊತ್ತಿದ್ದರೆ ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದು ಅರ್ಧ ಅಲ್ಲೇ ತಿಳಿಯುತ್ತದೆ.

ಗಿಡಕ್ಕೆ ಪಾರದರ್ಶಕ ಸೂರು ಹಾಕುವ ಆಸೆ ಬಹಳ ಹಳೆಯದು. ಸುಮಾರು 2000 ವರ್ಷದ ಹಿಂದೆ ರೋಮಿನ ಚಕ್ರವರ್ತಿ ಟೈಬೀರಿಯಸ್‌ಗೆ ಸೌತೆಕಾಯಿಯ ಹುಚ್ಚು. ಅವನ ಮಾಲಿಗಳು ಚಕ್ರದ ಮೇಲೆ ಮಡಿ ಮಾಡಿ, ಬಿಸಿಲು ಬಂದಲ್ಲಿಗೆ ತಳ್ಳಿಕೊಂಡು ಹೋಗುತ್ತಿದ್ದರು. ಚಳಿಗಾಲದಲ್ಲಿ ಬೆಳಕು ಹಾಯುವ ಕಲ್ಲಿನ ತೆಳು ಹಲಗೆಗಳನ್ನು ಮುಚ್ಚುತ್ತಿದ್ದರು. 15ನೇ ಶತಮಾನದ ಕೊರಿಯಾದಲ್ಲಿ ನೆಲದಡಿ ಬಿಸಿ ಹಾಯಿಸಿ, ಮೇಲೆ ಎಣ್ಣೆ ಸವರಿದ ಕಾಗದ ಹೊದಿಸಿ ಚಳಿಯಲ್ಲೂ ತರಕಾರಿ ಬೆಳೆಯುವ ವಿಧಾನವನ್ನು ಪುಸ್ತಕದಲ್ಲೇ ಬರೆದಿಟ್ಟಿದ್ದಾರೆ. ಎಲ್ಲ ಕಡೆಯೂ ಹೋರಾಟ ಚಳಿಯ ಜೊತೆ. ಮತ್ತು ಎಲ್ಲ ಕಡೆಯೂ ಅದು ದೊಡ್ಡವರ ಮನೆಯ ಮಾತು.

ಅದು ಹಿತ್ತಿಲಿಗೆ ಇಳಿದಿದ್ದು ಇಂಗ್ಲೆಂಡಿನಲ್ಲಿ, ಅದೂ ಒಂದು ತೆರಿಗೆ ಹೋದ ಮೇಲೆ. ಅಲ್ಲಿ 1746ರಿಂದ ಗಾಜಿನ ಮೇಲೆ ತೆರಿಗೆ ಇತ್ತು, ತೂಕದ ಲೆಕ್ಕದಲ್ಲಿ. 1845ರಲ್ಲಿ ಅದನ್ನು ತೆಗೆದುಹಾಕಿದರು. ಗಾಜು ಅಗ್ಗವಾಯಿತು. ಅದೇ ಹೊತ್ತಿಗೆ ಗಾಜು, ಮರ, ಕಬ್ಬಿಣ ಮೂರನ್ನೂ ಕೂಡಿಸುವುದು ಹೇಗೆಂದು ಬಲ್ಲ ಒಬ್ಬ ಮಾಲಿ ತಯಾರಾಗಿದ್ದ.

ಅವನ ಹೆಸರು ಜೋಸೆಫ್ ಪ್ಯಾಕ್ಸ್‌ಟನ್. ರೈತ ಮನೆತನದವನು. 1826ರಲ್ಲಿ, ಇನ್ನೂ 22 ವರ್ಷದವನಿದ್ದಾಗ, ಚಾಟ್ಸ್‌ವರ್ತ್ ಎಂಬಲ್ಲಿ ಒಬ್ಬ ಡ್ಯೂಕನ ತೋಟಕ್ಕೆ ಮುಖ್ಯ ಮಾಲಿಯಾಗಿ ಸೇರಿದ. ಮೊದಲ ದಿನ ಬೆಳಗಿನ ಜಾವ ನಾಲ್ಕೂವರೆಗೇ ಬಂದು, ಬಾಗಿಲು ತೆರೆದಿರದ ಕಾರಣ ಗೇಟು ಹತ್ತಿ ಒಳಗಿಳಿದು, ಇಡೀ ತೋಟ ಸುತ್ತಿ, ಆರು ಗಂಟೆಗೆ ಆಳುಗಳನ್ನು ಕೆಲಸಕ್ಕೆ ಹಚ್ಚಿದ. ಆಮೇಲೆ ತಿಂಡಿಗೆ ಕೂತಾಗ ಮನೆವಾರ್ತೆ ನೋಡುವವರ ಸಂಬಂಧಿ ಹುಡುಗಿಯೊಬ್ಬಳನ್ನು ಕಂಡು ಮನಸ್ಸು ಕೊಟ್ಟ. ಅವಳನ್ನೇ ಮದುವೆಯೂ ಆದ. ಇದನ್ನು ಅವನೇ ಬರೆದುಕೊಂಡಿದ್ದಾನೆ, ಒಂಬತ್ತು ಗಂಟೆಯೊಳಗೆ ಎಲ್ಲ ಮುಗಿದಿತ್ತಂತೆ. ಕೆಲಸಗಾರ ಅಂದರೆ ಹೀಗಿರಬೇಕು.

ಪ್ಯಾಕ್ಸ್‌ಟನ್ 1836ರಿಂದ ಡ್ಯೂಕನಿಗೆ ಒಂದು ಭಾರೀ ಗಾಜಿನ ಮನೆ ಕಟ್ಟಿಸಿದ. 277 ಅಡಿ ಉದ್ದ, 123 ಅಡಿ ಅಗಲ, 67 ಅಡಿ ಎತ್ತರ. ಒಳಗೆ ಬಿಸಿ ಇರಿಸಲು 8 ಬಾಯ್ಲರು, ಸುಮಾರು 11 ಕಿಲೋಮೀಟರ್ ಪೈಪು. ಗಾತ್ರಕ್ಕಿಂತ ಮುಖ್ಯವಾದದ್ದು ಇನ್ನೊಂದು. ಗಾಜು ಕೂರಿಸುವ ಮರದ ಪಟ್ಟಿಗಳನ್ನು ಕೊರೆಯಲು ಅವನೊಂದು ಉಗಿ ಯಂತ್ರ ಮಾಡಿಸಿಕೊಂಡ. ಎಲ್ಲ ಪಟ್ಟಿಗಳೂ ಒಂದೇ ಅಳತೆ. ಯಾವುದನ್ನು ಎಲ್ಲಿಗೆ ಬೇಕಾದರೂ ಕೂರಿಸಬಹುದು. ಇವತ್ತಿನ ಪೆಟ್ಟಿಗೆಯ ಬೀಜ ಇದೇ.

ಇನ್ನೊಂದು ಸಣ್ಣ ಉಪಾಯವನ್ನೂ ಹೇಳಬೇಕು. ಮಲೆನಾಡಿನವರು ಅಡಿಕೆ ಮರ ಸೀಳಿ ಸೂರಿಗೆ ದೋಣಿ ಕಟ್ಟುತ್ತಾರಲ್ಲ, ಪ್ಯಾಕ್ಸ್‌ಟನ್ನನ ಮರದ ದೋಣಿ ಅದರದೇ ಅಣ್ಣತಮ್ಮ. ಆದರೆ ಅದರಲ್ಲಿ ಒಂದಲ್ಲ, ಮೂರು ಕಾಲುವೆ. ನಡುವಿನದು ಹೊರಗಿನ ಮಳೆ ನೀರಿಗೆ. ಅಕ್ಕಪಕ್ಕದ ಎರಡು ಸಣ್ಣವು ಒಳಗಿನ ಗಾಜಿಗೆ ಬೆವರಿನಂತೆ ಕೂರುವ ಹನಿಗಳಿಗೆ. ಆ ಹನಿ ಎಲೆಯ ಮೇಲೆ ಬಿದ್ದರೆ ಬೂಷ್ಟು ರೋಗ ಶುರು. ಇವತ್ತು ಪಾಲಿಹೌಸಿನಲ್ಲಿ ಟೊಮೆಟೊ ಬೆಳೆದವರಿಗೆ ಈ ಹನಿಯ ಕಾಟ ಏನೆಂದು ಗೊತ್ತು.

1850ರಲ್ಲಿ ಲಂಡನ್ನಿನಲ್ಲಿ ಲೋಕದ ವಸ್ತುಗಳ ದೊಡ್ಡ ಪ್ರದರ್ಶನ ನಡೆಸಲು ಕಟ್ಟಡ ಬೇಕಾಗಿತ್ತು. ಸಮಯ ಒಂದು ವರ್ಷವೂ ಇಲ್ಲ. ಪ್ಯಾಕ್ಸ್‌ಟನ್ ರೈಲ್ವೆಯ ಒಂದು ಸಭೆಯಲ್ಲಿ ಕೂತಿದ್ದಾಗ ಶಾಯಿ ಹೀರುವ ಕಾಗದದ ಮೇಲೆ ಒಂದು ಚಿತ್ರ ಗೀಚಿದ. ಅದೇ ಕ್ರಿಸ್ಟಲ್ ಪ್ಯಾಲೇಸ್ ಆಯಿತು. 1851ರ ಮೇ 1ರಂದು ಬಾಗಿಲು ತೆರೆಯಿತು. ಅಲ್ಲಿ ಎಲ್ಲವೂ 24 ಅಡಿಯ ಲೆಕ್ಕ. ಚಾವಣಿಯ ಗಾಜು 49 ಅಂಗುಲ ಉದ್ದ, 10 ಅಂಗುಲ ಅಗಲ. ಕಂಬಗಳು ಒಳಗೆ ಪೊಳ್ಳು, ಚಾವಣಿಯ ಮಳೆ ನೀರು ಕಂಬದೊಳಗಿಂದಲೇ ಕೆಳಗಿಳಿಯುತ್ತಿತ್ತು. ಒಂದು ವಾರದಲ್ಲಿ 80 ಜನ 18,000ಕ್ಕೂ ಹೆಚ್ಚು ಗಾಜು ಕೂರಿಸಿದರು, ದೋಣಿಯ ಅಂಚುಗಳನ್ನೇ ಹಳಿ ಮಾಡಿಕೊಂಡು ಅದರ ಮೇಲೆ ಓಡುವ ಗಾಡಿಯಲ್ಲಿ ಕೂತು! ಪ್ರದರ್ಶನ ಮುಗಿದ ಮೇಲೆ ಕಟ್ಟಡವನ್ನು ಬಿಚ್ಚಿ ಲಂಡನ್ನಿನ ಇನ್ನೊಂದು ಕಡೆಗೆ ಸಾಗಿಸಿ, ಹಿಗ್ಗಿಸಿ ಕಟ್ಟಿದರು. ನಮ್ಮೂರಿನ ಜಾತ್ರೆಯ ಪೆಂಡಾಲಿನವರು ಮಾಡುವುದೂ ಇದನ್ನೇ, ಗಾಜಿಲ್ಲ ಅಷ್ಟೆ.

ಅರಮನೆ ಕಟ್ಟಿ ಹೆಸರು ಮಾಡಿದವನು ಅಲ್ಲಿಗೇ ನಿಲ್ಲಲಿಲ್ಲ. 1858ರಲ್ಲಿ ಒಂದು ಸಣ್ಣ ಗಾಜಿನ ಮನೆಗೆ ಪೇಟೆಂಟ್ ಪಡೆದು 'ಲಕ್ಷಾಂತರ ಜನರಿಗೆ ಬಿಸಿಮನೆ' ಎನ್ನುವ ಅರ್ಥದ ಹೆಸರಿನಲ್ಲಿ ಮಾರಾಟಕ್ಕೆ ಬಿಟ್ಟ. ಮೊದಲೇ ಗಾಜು ಕೂರಿಸಿದ ಚೌಕಟ್ಟುಗಳು, ಅವುಗಳ ನಡುವೆ ಗಾಳಿಗೆ ತೆರೆಯುವ ಹಲಗೆಗಳು. ಗೋಡೆಗೆ ಒರಗಿಸಿಯೂ ನಿಲ್ಲಿಸಬಹುದು, ಎರಡು ಕಡೆ ಇಳಿಜಾರು ಮಾಡಿಯೂ ನಿಲ್ಲಿಸಬಹುದು. ಮನೆ ಬದಲಾಯಿಸಿದರೆ ಬಿಚ್ಚಿಕೊಂಡು ಹೋಗಬಹುದು. ಚಿಕ್ಕಮ್ಮನ ಹಿತ್ತಿಲಿಗೆ ಬಂದ ಪೆಟ್ಟಿಗೆಯ ಮುತ್ತಜ್ಜ ಇವನೇ. ಒಂದು ವ್ಯತ್ಯಾಸ ಇದೆ: ಗಾಳಿಗೆ ತೆರೆಯುವ ಹಲಗೆ ಮುತ್ತಜ್ಜನಲ್ಲಿತ್ತು, ಚಳಿ ದೇಶದಲ್ಲೂ ಬೇಕೆಂದು ಅವನು ಇಟ್ಟಿದ್ದ. ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ.

ಡ್ಯೂಕನ ಆ ಭಾರೀ ಮನೆ ಏನಾಯಿತು ಅಂತೀರಾ? ಮೊದಲ ಮಹಾಯುದ್ಧದಲ್ಲಿ ಬಾಯ್ಲರಿಗೆ ಕಲ್ಲಿದ್ದಲು ಸಿಗದೆ ಒಳಗಿನ ಗಿಡಗಳು ಸತ್ತವು. 1920ರಲ್ಲಿ ಸಿಡಿಮದ್ದು ಇಟ್ಟು ಕೆಡವಿದರು.

ಈ ಕಥೆ ಬೆಂಗಳೂರಿಗೆ ಬಂದದ್ದು ಹಡಗಿನಲ್ಲಿ. ಲಾಲ್‌ಬಾಗ್ ಆಗ ಜಾನ್ ಕ್ಯಾಮರಾನ್ ಎಂಬವರ ಉಸ್ತುವಾರಿಯಲ್ಲಿತ್ತು. ಬೆಂಗಳೂರಿಗೆ ಸೀಮೆಬದನೆಯನ್ನು ತಂದವರು ಇವರೇ ಎನ್ನುತ್ತಾರೆ. ಹೂವು ಹಣ್ಣುಗಳ ಪ್ರದರ್ಶನಕ್ಕೆ ಒಂದು ಗಾಜಿನ ಮನೆ ಬೇಕೆಂದು ಹೊರಟಾಗ ಕಣ್ಣೆದುರು ಇದ್ದ ಮಾದರಿ ಕ್ರಿಸ್ಟಲ್ ಪ್ಯಾಲೇಸ್. 1889ರ ನವೆಂಬರ್ 30ರಂದು ವಿಕ್ಟೋರಿಯಾ ರಾಣಿಯ ಮೊಮ್ಮಗ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದ. ಎರಕದ ಕಬ್ಬಿಣದ ಭಾಗಗಳು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯ ಸಾರಾಸೆನ್ ಕಾರ್ಖಾನೆಯಲ್ಲಿ ತಯಾರಾದವು. ಆ ಕಂಪನಿ ದಪ್ಪ ದಪ್ಪ ಪಟ್ಟಿ ಪುಸ್ತಕ ಅಚ್ಚು ಹಾಕಿಸುತ್ತಿತ್ತು. ಕಂಬ, ಕಮಾನು, ಕಟಕಟೆ ಎಲ್ಲಕ್ಕೂ ನಂಬರು. ನಂಬರು ನೋಡಿ ಆರ್ಡರ್ ಕೊಟ್ಟರೆ ಮಾಲು ಸಮುದ್ರ ದಾಟಿ ಬರುತ್ತಿತ್ತು. ನಾವು ಫೋನಿನಲ್ಲಿ ಬೆರಳು ಒತ್ತುವುದಕ್ಕೆ ಮೊದಲೇ ಈ ಪದ್ಧತಿ ಇತ್ತು ಎನ್ನುವುದು ಗೊತ್ತಿರಲಿ. (1936ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಸುಟ್ಟು ಬೂದಿಯಾಯಿತು. ಆ ದಿನವೂ ನವೆಂಬರ್ 30. ನಮ್ಮದು ಇನ್ನೂ ನಿಂತಿದೆ.)

ಮುಂದಿನ ಸಲ ಲಾಲ್‌ಬಾಗಿಗೆ ಹೋದಾಗ ಹೂವಿನಿಂದ ಕಣ್ಣು ತೆಗೆದು ಗಾಜಿನ ಮನೆಯ ಬದಿಗಳನ್ನು ನೋಡಿ. ಕಂಬಗಳ ನಡುವೆ ಗಾಳಿ ಸರಾಗವಾಗಿ ಹಾಯುತ್ತದೆ. ಚಾವಣಿ ಬಹಳ ಎತ್ತರ, ಬಿಸಿ ಗಾಳಿ ಮೇಲೇರಿ ಹೋಗಲು ಜಾಗ ಇದೆ. ಬಾಯ್ಲರು ಇಲ್ಲ. ಗ್ಲಾಸ್ಗೋದ ಕಬ್ಬಿಣ, ಲಂಡನ್ನಿನ ರೂಪ, ಆದರೆ ಕೆಲಸ ನಮ್ಮ ಚಪ್ಪರದ್ದು: ಮಳೆ ತಡೆ, ಬೆಳಕು ಬಿಡು, ಗಾಳಿ ಬಿಡು. 1935ರಲ್ಲಿ ಪೂರ್ವದ ಕಡೆಗೆ ಅದನ್ನು ಬೆಳೆಸಿದಾಗ ಗ್ಲಾಸ್ಗೋಗೆ ಆರ್ಡರ್ ಹೋಗಲಿಲ್ಲ, ನಮ್ಮ ಭದ್ರಾವತಿಯ ಕಾರ್ಖಾನೆಯೇ ಇತ್ತು.

ಗಾಜನ್ನು ಹಿಂದಕ್ಕೆ ತಳ್ಳಿದ್ದು ಪಾಲಿಥೀನ್. 1933ರಲ್ಲಿ ಇಂಗ್ಲೆಂಡಿನ ಒಂದು ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಸಿಕ್ಕ ಮೇಣದಂಥ ವಸ್ತು ಅದು. ಅಮೆರಿಕದ ಕೆಂಟಕಿ ವಿಶ್ವವಿದ್ಯಾಲಯದಲ್ಲಿ ಎಮರಿ ಎಮರ್ಟ್ ಎಂಬ ತೋಟಗಾರಿಕೆ ಪ್ರಾಧ್ಯಾಪಕರಿಗೆ ಗಾಜಿನ ಮನೆ ಕಟ್ಟುವಷ್ಟು ಹಣ ಇರಲಿಲ್ಲ. 1948ರಲ್ಲಿ ಅವರು ಮರದ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಕೆಲಸ ಸಾಧಿಸಿದರು. ಕೋಲಾರ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರದ ದಾರಿಯಲ್ಲಿ ಬಿಳಿ ಬೆಟ್ಟಗಳಂತೆ ಕಾಣುವ ಗುಲಾಬಿ, ದಪ್ಪ ಮೆಣಸಿನಕಾಯಿ ಪಾಲಿಹೌಸುಗಳೆಲ್ಲ ಆ ಕಾಸಿಲ್ಲದ ಮೇಷ್ಟ್ರ ವಂಶ.

ಈಗ ನಿಮ್ಮ ಹಿತ್ತಿಲಿಗೆ ಬರೋಣ. ಚಿತ್ರದಲ್ಲಿ ನಾಲ್ಕೂ ಕಡೆ ಪ್ಲಾಸ್ಟಿಕ್ ಮುಚ್ಚಿದ್ದರೆ, ಅದು ಇಂಗ್ಲೆಂಡಿನ ಚಳಿಗೆ ಮಾಡಿದ್ದು. ಬಯಲುಸೀಮೆಯಲ್ಲಿ ಬೇಡವೇ ಬೇಡ. ಬದಿಗಳಿಗೆ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ ಇರಬೇಕು, ಮೇಲೆ ಮಾತ್ರ ಹಾಳೆ. ಬಿಸಿಲೇ ನಿಮ್ಮ ತೊಂದರೆಯಾದರೆ ಹಾಳೆಯೂ ಬೇಡ, 50 ಪರ್ಸೆಂಟಿನ ನೆರಳು ಬಲೆ ಸಾಕು. ಮಲೆನಾಡು, ಕರಾವಳಿಯವರಿಗೆ ಲೆಕ್ಕ ಬೇರೆ. ಅಲ್ಲಿ ಸಸಿ ಕೊಲ್ಲುವುದು ಆಷಾಢದ ಮಳೆ. ಹಾಳೆಯ ಸೂರು ಬೇಕು, ಇಳಿಜಾರು ಚೆನ್ನಾಗಿರಬೇಕು, ನೀರು ಎಲ್ಲಿ ಬೀಳುತ್ತದೆ ಎಂದು ಮೊದಲೇ ನೋಡಿ ಕಾಲುವೆ ತೋಡಬೇಕು.

ಹಾಳೆ ಕೊಳ್ಳುವಾಗ ಎರಡೇ ಮಾತು ಕೇಳಿ: ಎಷ್ಟು ಮೈಕ್ರಾನು, ಯುವಿ ತಡೆ ಇದೆಯಾ? ಪಾಲಿಹೌಸಿನವರು ಹಾಕುವುದು 200 ಮೈಕ್ರಾನಿನದು, ಯುವಿ ತಡೆ ಇರುವುದು, ಸುಮಾರು ಮೂರು ವರ್ಷ ಬರುತ್ತದೆ. ಮಾಮೂಲಿ ತೆಳು ಹಾಳೆ ಒಂದೇ ಬೇಸಿಗೆಗೆ ಹಪ್ಪಳ. ಪೈಪು ಜಿಐ ಆದರೆ ಒಳ್ಳೆಯದು. ಪ್ಲಾಸ್ಟಿಕ್ ಮೂಲೆಗಳು ಬಿಸಿಲಿಗೆ ಸೀಳುತ್ತವೆ, ನಾವು ನೋಡಿದ್ದೇವೆ.

ಜೋಡಿಸುವ ದಿನ ಗಾಳಿ ಇಲ್ಲದ ಬೆಳಿಗ್ಗೆ ನೋಡಿ. ಮೊದಲು ನಾಲ್ಕು ಗೂಟ ಹೊಡೆದು ಮೂಲೆಯಿಂದ ಮೂಲೆಗೆ ಹಗ್ಗ ಹಿಡಿಯಿರಿ. ಎರಡೂ ಹಗ್ಗ ಒಂದೇ ಉದ್ದ ಬರುವ ತನಕ ಮುಂದಕ್ಕೆ ಹೋಗಬೇಡಿ. ಗಾರೆ ಕೆಲಸದವರು ಪಾಯಕ್ಕೆ ಮಾಡುವ ಲೆಕ್ಕವೇ ಇದು. ಚೌಕಟ್ಟು ಪೂರ್ತಿ ನಿಲ್ಲುವವರೆಗೆ ಯಾವ ನಟ್ಟನ್ನೂ ಬಿಗಿ ಮಾಡಬೇಡಿ, ಮಾಡಿದರೆ ಕೊನೆಯ ಪೈಪು ಕೂರುವುದಿಲ್ಲ. ಕಾಲುಗಳನ್ನು ಎರಡಡಿ ಹೂತು, ಸುತ್ತ ಕಾಂಕ್ರೀಟು ತುಂಬಿ. ಪೈಪಿಗೆ ಹಾಳೆ ತಾಗುವ ಕಡೆ ಬಿಳಿ ಬಟ್ಟೆ ಸುತ್ತಿ, ಕಾದ ಕಬ್ಬಿಣ ತಾಗಿದಲ್ಲೇ ಹಾಳೆ ಮೊದಲು ಹರಿಯುವುದು. ಮೇಲೆ ಗಾಳಿ ಹೋಗುವ ಬಾಯಿ ಇದ್ದರೆ ಅದು ಗಾಳಿ ಬೀಸುವ ದಿಕ್ಕಿಗೆ ಬೆನ್ನು ಹಾಕಿರಲಿ. ಇಲ್ಲವಾದರೆ ಗಾಳಿ ಒಳಗೆ ನುಗ್ಗಿ ಕೊಡೆ ತಿರುಗಿಸಿದಂತೆ ಎತ್ತಿಬಿಡುತ್ತದೆ.

ಚಿಕ್ಕಮ್ಮನ ಹುಣಸೆ ಮರದ ಮನೆಯನ್ನು ದೋಟಿ ಹಾಕಿ ಇಳಿಸಿದೆವು. ಪೈಪುಗಳು ಸೊಟ್ಟಗಾಗಿದ್ದವು, ಕಲ್ಲಿನ ಮೇಲಿಟ್ಟು ತಟ್ಟಿ ನೆಟ್ಟಗೆ ಮಾಡಿದೆವು. ಈಗ ಅವು ಬಚ್ಚಲ ಹಿಂದೆ ಎರಡಡಿ ನೆಲದೊಳಗೆ ನಿಂತಿವೆ, ಮೇಲೆ ನೆರಳು ಬಲೆ, ಪಡುವಣ ಕಡೆ ಒಂದಿಷ್ಟು ಸೋಗೆ. ಮೂರು ಮಡಿ ಬದನೆ, ಒಂದು ಮಡಿ ಮೆಣಸು ಎದ್ದಿವೆ. ಜಿಪ್ಪಿನ ಬಾಗಿಲನ್ನು ಬಿಚ್ಚಿ ಚಿಕ್ಕಮ್ಮ ರಾಗಿ ಚೀಲಕ್ಕೆ ಹೊಲಿದಿದ್ದಾರೆ, ಇಲಿ ಬರುವುದಿಲ್ಲವಂತೆ.