ದಾರ ಎಷ್ಟು ಗಟ್ಟಿಯಿರಬೇಕು?

ಗಾಳ ಹಾಕಿ ಮೀನು ಹಿಡಿಯುವವನಿಗೆ ಬೇಕಾದ ಸಾಮಗ್ರಿ ಹೆಚ್ಚೇನಲ್ಲ. ಒಂದು ಬಿದಿರು ಕೋಲು, ಅದರ ತುದಿಗೆ ದಾರ, ದಾರದ ತುದಿಗೆ ಗಾಳ, ಗಾಳಕ್ಕೊಂದು ಎರೆಹುಳು. ಕೆರೆ ಏರಿಯ ಮೇಲೆ ಕೂತ ಹುಡುಗನಿಗೆ ಇಷ್ಟು ಧಾರಾಳವಾಗಿ ಸಾಕು. ಮೀನು ದೊಡ್ಡದಾಗಿದ್ದು, ದೂರದಲ್ಲಿದ್ದು, ಕಚ್ಚಿದೊಡನೆ ಓಡುವಂಥದ್ದಾದರೆ ಮಾತ್ರ ತೊಡಕು ಶುರುವಾಗುತ್ತದೆ. ಆಗ ದಾರವನ್ನು ಸುತ್ತಿಡಲು, ಬಿಡಲು, ಎಳೆಯಲು ರಾಟೆ ಬೇಕು. ಕೋಲು ಬಾಗಬೇಕು, ಮುರಿಯಬಾರದು. ದಾರ ತಾಳಬೇಕು, ಮೀನಿನ ಕಣ್ಣಿಗೆ ಬೀಳಬಾರದು. ಕೋಲು, ರಾಟೆ, ದಾರ ಈ ಮೂರನ್ನು ಒಂದಕ್ಕೊಂದು ಹೊಂದಿಸುವ ಪ್ರಯತ್ನದಲ್ಲಿ ಅಮೆರಿಕದ ಬಾಸ್ ಮೀನಿನ ಬೆನ್ನು ಹತ್ತಿದವರು ಸುಮಾರು 200 ವರ್ಷ ಕಳೆದಿದ್ದಾರೆ. ಆ ಚರಿತ್ರೆಯಲ್ಲಿ ಗಡಿಯಾರದವರು, ಬಂದೂಕು ಮಾಡುವವರು, ರೇಷ್ಮೆ ಹುಳು ಸಾಕುವವರು, ಕೊನೆಗೆ ಒಂದು ಬಾಂಬ್ ಕಂಪನಿ ಕೂಡ ಬರುತ್ತದೆ.

ಬಾಸ್ ಉತ್ತರ ಅಮೆರಿಕದ ಸಿಹಿನೀರಿನ ಮೀನು. ದೊಡ್ಡ ಬಾಯಿಯ ಲಾರ್ಜ್‌ಮೌತ್, ಸಣ್ಣ ಬಾಯಿಯ ಸ್ಮಾಲ್‌ಮೌತ್ ಎಂಬ ಎರಡು ಜಾತಿಗಳು ಹೆಚ್ಚು ಪ್ರಸಿದ್ಧ. ಲಾರ್ಜ್‌ಮೌತ್ ಹೊಂಚು ಹಾಕುವ ಮೀನು. ಜೊಂಡಿನ ನಡುವೆ, ಮುಳುಗಿದ ಮರದ ಬೊಡ್ಡೆಯ ಪಕ್ಕ ಅಲ್ಲಾಡದೆ ನಿಂತಿದ್ದು, ಎದುರು ಸುಳಿದ ಕಪ್ಪೆಯನ್ನೋ ಮರಿಮೀನನ್ನೋ ಒಂದೇ ಸಲಕ್ಕೆ ನುಂಗುತ್ತದೆ. ಗಾಳ ಚುಚ್ಚಿದರೆ ನೀರಿನಿಂದ ಮೇಲಕ್ಕೆ ಹಾರಿ ತಲೆ ಕೊಡವುತ್ತದೆ, ಇಲ್ಲವೇ ಜೊಂಡಿನೊಳಗೆ ನುಗ್ಗಿ ದಾರವನ್ನು ಸಿಕ್ಕುಗಟ್ಟಿಸುತ್ತದೆ. ಆದ್ದರಿಂದ ಬಾಸ್ ಹಿಡಿಯುವವನು ಎರೆಯನ್ನು ದೂರಕ್ಕೆ, ಆದರೆ ಗುರಿ ತಪ್ಪದಂತೆ ಎಸೆಯಬೇಕು. ಮೀನು ಕಚ್ಚಿದ ಮೇಲೆ ಅದು ಅಡಗುತಾಣ ಸೇರುವ ಮೊದಲೇ ತಡೆಯಬೇಕು. ಸಾಮಗ್ರಿಯ ಚರಿತ್ರೆಯೆಲ್ಲ ಈ ಎರಡು ಅಗತ್ಯಗಳ ಸುತ್ತ ಬೆಳೆದದ್ದು.

ಮೊದಲು ರಾಟೆ. ದಾರ ಸುತ್ತುವ ರಾಟೆ ಇಂಗ್ಲೆಂಡಿನಲ್ಲಿ ಹಿಂದೆಯೇ ಬಳಕೆಯಲ್ಲಿತ್ತು. ಹಿಡಿಕೆಯ ಒಂದು ಸುತ್ತಿಗೆ ಉರುಳೆ ಹಲವು ಸುತ್ತು ತಿರುಗುವ ಹಲ್ಲುಚಕ್ರದ ರಾಟೆಗಳೂ ಇದ್ದವು. ಆದರೆ ಅವುಗಳ ಚಕ್ರಗಳು ಒರಟಾಗಿದ್ದು, ಭಾರ ಬಿದ್ದರೆ ಕೈಕೊಡುತ್ತಿದ್ದವು. 19ನೇ ಶತಮಾನದ ಆರಂಭದ ದಶಕಗಳಲ್ಲಿ ಕೆಂಟಕಿ ರಾಜ್ಯದ ಪ್ಯಾರಿಸ್ ಎಂಬ ಊರಿನ ಜಾರ್ಜ್ ಸ್ನೈಡರ್ ಇದನ್ನು ಸರಿಪಡಿಸಿದ. ಅವನು ಬೆಳ್ಳಿ ಕೆಲಸ ಮತ್ತು ಗಡಿಯಾರದ ಕೆಲಸ ಬಲ್ಲವನು, ಬಾಸ್ ಹಿಡಿಯುವ ಹವ್ಯಾಸಿಯೂ ಹೌದು. ಗಡಿಯಾರದ ಚಕ್ರ ಕೊರೆಯುವಷ್ಟೇ ನಾಜೂಕಿನಿಂದ ಅವನು ರಾಟೆಯ ಚಕ್ರ ಕೊರೆದ. ಅವನ ನಂತರ ಫ್ರಾಂಕ್‌ಫರ್ಟ್ ಊರಿನ ಮೀಕ್ ಸಹೋದರರು, ಅವರೂ ಗಡಿಯಾರದವರೇ, ಅದನ್ನು ಇನ್ನಷ್ಟು ತಿದ್ದಿದರು. 'ಕೆಂಟಕಿ ರೀಲ್' ಎಂದು ಹೆಸರಾದ ಈ ರಾಟೆಯ ಉರುಳೆ ಎಷ್ಟು ಸಲೀಸಾಗಿ ತಿರುಗುತ್ತಿತ್ತೆಂದರೆ, ಹಗುರವಾದ ಎರೆಯನ್ನು ಎಸೆದರೂ ಅದೇ ತನ್ನ ಹಿಂದೆ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಹೀಗೆ ರಾಟೆ ಎಸೆಯುವ ಸಾಧನವೂ ಆಯಿತು.

ಅನುಕೂಲದ ಜೊತೆಗೇ ಒಂದು ಕಿರಿಕಿರಿ ಬಂತು. ಎರೆ ನೀರಿಗೆ ಬಿದ್ದ ಮೇಲೂ ಉರುಳೆ ತಿರುಗುತ್ತಲೇ ಇದ್ದರೆ ದಾರವೆಲ್ಲ ಸಡಿಲಗೊಂಡು ಗುಬ್ಬಚ್ಚಿ ಗೂಡಿನಂತೆ ಗೋಜಲಾಗುತ್ತದೆ. ಇದಕ್ಕೆ ಇದ್ದ ಬ್ರೇಕು ಹೆಬ್ಬೆರಳು ಒಂದೇ. ಯಾವ ಗಳಿಗೆಯಲ್ಲಿ ಎಷ್ಟು ಒತ್ತಬೇಕೆಂಬುದು ಅಭ್ಯಾಸದಿಂದ ಬರಬೇಕಾದ ವಿದ್ಯೆ.

ಇನ್ನು ಕೋಲು. ಆಶ್, ಲ್ಯಾನ್ಸ್‌ವುಡ್ ಮೊದಲಾದ ಮರಗಳಿಂದ ಮಾಡಿದ ಕೋಲುಗಳು ಭಾರವಾಗಿದ್ದವು. 1840ರ ದಶಕದಲ್ಲಿ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಬಂದೂಕು ತಯಾರಕ ಸ್ಯಾಮ್ಯುಯೆಲ್ ಫಿಲಿಪ್ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡತೊಡಗಿದ. ಬಿದಿರಿನ ಬಲವೆಲ್ಲ ಇರುವುದು ಹೊರಮೈಯ ನಾರಿನಲ್ಲಿ. ಒಳಗಿನ ಮೆದು ಭಾಗವನ್ನು ಹೆರೆದು, ಹೊರಮೈ ಹೊರಗೇ ಉಳಿಯುವಂತೆ ಆರು ತ್ರಿಕೋನ ಸೀಳುಗಳನ್ನು ಕೂಡಿಸಿದರೆ ಷಟ್ಕೋನದ ಗಟ್ಟಿ ಕೋಲು ಸಿಗುತ್ತದೆ. ಅದು ಟೊಳ್ಳು ಬಿದಿರಿಗಿಂತ ಸಣ್ಣದು, ಮರಕ್ಕಿಂತ ಹಗುರ, ಎರಡಕ್ಕಿಂತಲೂ ಚುರುಕು. 1870ರ ದಶಕದಲ್ಲಿ ಮೇನ್ ರಾಜ್ಯದ ಹೈರಮ್ ಲಿಯೊನಾರ್ಡ್ ಇಂಥ ಕೋಲುಗಳಿಗೆ ದೊಡ್ಡ ಹೆಸರು ತಂದ. ಆ ಕಾಲದ ಕೋಲುಗಳಿಗೆ ಬಳಸುತ್ತಿದ್ದ ಬಿದಿರು ಹೋಗುತ್ತಿದ್ದುದು ಭಾರತದಿಂದ. ಹಡಗು ಹತ್ತಿದ ಬಂದರಿನ ಹೆಸರಿನಲ್ಲಿ ಅಲ್ಲಿಯವರು ಅದನ್ನು 'ಕಲ್ಕತ್ತಾ ಬಿದಿರು' ಎನ್ನುತ್ತಿದ್ದರು. 20ನೇ ಶತಮಾನದಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟಾಂಕಿನ್ ಬಿದಿರು ಅದರ ಜಾಗ ಹಿಡಿಯಿತು.

ಬಾಸ್‌ಗೆ ಮರ್ಯಾದೆ ತಂದುಕೊಟ್ಟವನು ಜೇಮ್ಸ್ ಹೆನ್‌ಶಾಲ್ ಎಂಬ ವೈದ್ಯ. ಇಂಗ್ಲೆಂಡಿನ ಸಂಪ್ರದಾಯದಲ್ಲಿ ಬೆಳೆದ ಹವ್ಯಾಸಿಗಳಿಗೆ ಸಾಲ್ಮನ್ ಮತ್ತು ಟ್ರೌಟ್ ಮಾತ್ರ ದೊರೆಮಕ್ಕಳ ಮೀನುಗಳು. ತೂಕಕ್ಕೆ ತೂಕ ಹೋಲಿಸಿದರೆ ಬಾಸ್‌ನಷ್ಟು ಸೆಣಸುವ ಮೀನು ಇನ್ನೊಂದಿಲ್ಲವೆಂದು ಹೆನ್‌ಶಾಲ್ 1881ರಲ್ಲಿ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ವಾದಿಸಿದ. ಬಾಸ್‌ಗೆಂದೇ ಎಂಟೂಕಾಲು ಅಡಿಯ ಹಗುರ ಕೋಲನ್ನೂ ರೂಪಿಸಿದ.

ಎಲ್ಲಕ್ಕಿಂತ ದುರ್ಬಲವಾದ ಕೊಂಡಿ ದಾರ. ಹೆಣೆದ ರೇಷ್ಮೆ ದಾರವನ್ನು ದಿನವೂ ಸಂಜೆ ರಾಟೆಯಿಂದ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿತ್ತು. ಅದರ ತುದಿಗೆ, ಮೀನಿನ ಕಣ್ಣಿಗೆ ಬೀಳದ ಹಾಗೆ, 'ಗಟ್' ಎಂಬ ಎಳೆಯನ್ನು ಕಟ್ಟುತ್ತಿದ್ದರು. ಇದೂ ರೇಷ್ಮೆ ಹುಳುವಿನದೇ, ಆದರೆ ಗೂಡಿನ ನೂಲಲ್ಲ. ಕರ್ನಾಟಕದ ರೇಷ್ಮೆ ಬೆಳೆಗಾರರು ಹಣ್ಣಾದ ಹುಳುವನ್ನು ಗೂಡು ಕಟ್ಟಲೆಂದು ಚಂದ್ರಂಕಿಗೆ ಬಿಡುತ್ತಾರೆ. ಸ್ಪೇನಿನ ಮುರ್ಸಿಯಾ ಪ್ರಾಂತ್ಯದಲ್ಲಿ ಆ ಹಂತದ ಹುಳುವನ್ನು ಹುಳಿದ್ರಾವಣದಲ್ಲಿ ಮುಳುಗಿಸಿ, ಸೀಳಿ, ಒಳಗಿನ ರೇಷ್ಮೆ ಗ್ರಂಥಿಯನ್ನು ಕೈಯಿಂದ ಎಳೆದು ತಂತಿ ಮಾಡುತ್ತಿದ್ದರು. ಒಂದು ಎಳೆ ಒಂದು ಒಂದೂವರೆ ಅಡಿ ಬಂದರೆ ಹೆಚ್ಚು. ಗಂಟು ಹಾಕುತ್ತಾ ಉದ್ದ ಮಾಡಬೇಕು, ಬಳಸುವ ಮುನ್ನ ನೆನೆಸಬೇಕು. ಒಣಗಿದ್ದಾಗ ಎಳೆದರೆ ಪುಟಕ್ಕೆಂದು ತುಂಡಾಗುತ್ತಿತ್ತು.

ಈ ದೌರ್ಬಲ್ಯದಿಂದ ಒಂದು ನೀತಿಯೇ ಹುಟ್ಟಿತು. ದಾರ ತುಂಡಾಗದಿರಬೇಕಾದರೆ ಮೀನು ಓಡಿದಾಗ ಓಡಲು ಬಿಡಬೇಕು, ದಣಿದಾಗ ಎಳೆಯಬೇಕು. ಕೋಲಿನ ಬಾಗು ಜಗ್ಗಾಟದ ಪೆಟ್ಟನ್ನು ಹೀರಬೇಕು. ಮೀನಿಗೂ ಮನುಷ್ಯನಿಗೂ ಸಮನಾದ ಅವಕಾಶವಿರಬೇಕು, ಸಣ್ಣ ದಾರದಲ್ಲಿ ದೊಡ್ಡ ಮೀನು ಹಿಡಿಯುವುದೇ ನ್ಯಾಯವಾದ ಆಟ ಎಂಬ ಭಾವನೆ ಬೇರೂರಿತು. ಎಷ್ಟೋ ಮೀನುಗಳು ದಾರ ಹರಿದುಕೊಂಡು ಪಾರಾಗುತ್ತಿದ್ದವು. ಯಾರೂ ಕಾನೂನು ಮಾಡದೆಯೇ ಹೀಗೊಂದು ಮಿತಿ ಇತ್ತು.

ಆ ಮಿತಿಯನ್ನು ಮುರಿದದ್ದು ಕಾರ್ಖಾನೆ. ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ ವ್ಯಾಲೇಸ್ ಕರೋದರ್ಸ್ ತಂಡ 1935ರಲ್ಲಿ ನೈಲಾನ್ ತಯಾರಿಸಿತು. ಕೊಳೆಯದ, ಗಂಟಿಲ್ಲದೆ ಬೇಕಾದಷ್ಟು ಉದ್ದ ಸಿಗುವ ಎಳೆ ಬಂದ ಮೇಲೆ ರೇಷ್ಮೆ ಗಟ್ ಮೂಲೆ ಸೇರಿತು. ಟಾಂಕಿನ್ ಬಿದಿರಿಗೂ ಇದೇ ಗತಿ. ಆರ್ಥರ್ ಹೋವಾಲ್ಡ್ ಎಂಬ ತಂತ್ರಜ್ಞ ರೂಪಿಸಿದ ಗಾಜಿನ ನಾರಿನ ಕೋಲನ್ನು ಶೇಕ್ಸ್‌ಪಿಯರ್ ಕಂಪನಿ 1947ರಲ್ಲಿ ಮಾರುಕಟ್ಟೆಗೆ ತಂದಿತು. 1950ರಲ್ಲಿ, ಕೊರಿಯಾ ಯುದ್ಧದ ಸಮಯ, ಅಮೆರಿಕ ಚೀನಾದ ಸರಕಿಗೆ ನಿಷೇಧ ಹೇರಿದ್ದರಿಂದ ಬಿದಿರು ಬರುವುದೇ ನಿಂತಿತು. ವಿಮಾನೋದ್ಯಮಕ್ಕೆಂದು ಬೆಳೆದ ಕಾರ್ಬನ್ ನಾರು 1970ರ ದಶಕದಲ್ಲಿ ಕೋಲಿಗೂ ಬಂತು.

ರಾಟೆಯ ಗೋಜಲಿಗೂ ಪರಿಹಾರ ಸಿಕ್ಕಿತು. ಇಂಗ್ಲೆಂಡಿನ ಉಣ್ಣೆ ಗಿರಣಿ ಮಾಲೀಕ ಆಲ್ಫ್ರೆಡ್ ಇಲ್ಲಿಂಗ್‌ವರ್ತ್ 1905ರಲ್ಲಿ ಪೇಟೆಂಟ್ ಪಡೆದ ರಾಟೆಯಲ್ಲಿ ಉರುಳೆ ತಿರುಗುವುದೇ ಇಲ್ಲ. ಗಿರಣಿಯ ಕಂಡಿಕೆಯಿಂದ ನೂಲು ಬಿಚ್ಚಿಕೊಳ್ಳುವಂತೆ ದಾರ ಅದರ ತುದಿಯಿಂದ ಜಾರಿ ಹೋಗುತ್ತದೆ. ಇದೇ ತತ್ವದ ಮೇಲೆ, ಮುಚ್ಚಳವಿರುವ ಅಗ್ಗದ ರಾಟೆಯೊಂದನ್ನು ಟೆಕ್ಸಾಸ್‌ನ ಆರ್.ಡಿ. ಹಲ್ ಕಲ್ಪಿಸಿದ. ಅದನ್ನು 1949ರಲ್ಲಿ ತಯಾರಿಸಿದ್ದು ಟಲ್ಸಾ ನಗರದ ಝೀರೊ ಅವರ್ ಬಾಂಬ್ ಕಂಪನಿ. ತೈಲಬಾವಿಗಳಲ್ಲಿ ಸ್ಫೋಟಿಸುವ ಬಾಂಬ್ ಮಾಡುತ್ತಿದ್ದ ಆ ಕಂಪನಿ ಮುಂದೆ ಝೆಬ್ಕೊ ಎಂಬ ಹೆಸರಿನಿಂದ ರಾಟೆಗೇ ಪ್ರಸಿದ್ಧವಾಯಿತು. ಹೆಬ್ಬೆರಳಿನ ವಿದ್ಯೆ ಇಲ್ಲದ ಮಗುವೂ ಗುಂಡಿ ಒತ್ತಿ ಎರೆ ಎಸೆಯಬಹುದಾಯಿತು.

ದಕ್ಷಿಣದ ರಾಜ್ಯಗಳಲ್ಲಿ ಕಟ್ಟಿದ ಅಣೆಕಟ್ಟುಗಳ ಹಿನ್ನೀರು ಬಾಸ್‌ಗೆ ಹೊಸ ನೆಲೆಯಾಯಿತು. ಅಲಬಾಮಾದ ವಿಮಾ ಏಜೆಂಟ್ ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾದ ಬೀವರ್ ಸರೋವರದಲ್ಲಿ ಬಾಸ್ ಪಂದ್ಯ ನಡೆಸಿದ. ಮರುವರ್ಷ ಬಾಸ್ ಹಿಡಿಯುವವರ ಸಂಘವನ್ನೇ ಕಟ್ಟಿದ. ಈಗ ಸಾಮಗ್ರಿ ಗಟ್ಟಿ, ಜನ ಹೆಚ್ಚು, ಬಹುಮಾನ ದೊಡ್ಡದು. ಪಂದ್ಯದ ದಿನ ರಾಶಿಗಟ್ಟಲೆ ಮೀನು ಸಾಯುವುದನ್ನು ಜನ ಆಕ್ಷೇಪಿಸತೊಡಗಿದರು. ಹಿಡಿದ ಮೀನನ್ನು ಕೊಲ್ಲಬೇಡಿ ಎಂಬ ಆಂದೋಲನವನ್ನು 1972ರಲ್ಲಿ ಸ್ಕಾಟ್ ತಾನೇ ಆರಂಭಿಸಿದ. ದೋಣಿಯಲ್ಲಿ ಗಾಳಿಯಾಡುವ ನೀರಿನ ತೊಟ್ಟಿ ಬಂತು. ಮೀನು ತೂಗಿಸಿಕೊಂಡು ಮರಳಿ ಸರೋವರ ಸೇರಿತು. ಒಂದು ಕಾಲದಲ್ಲಿ ದುರ್ಬಲ ದಾರ ಮಾಡುತ್ತಿದ್ದ ಕೆಲಸವನ್ನು ಈಗ ಮನುಷ್ಯ ಮನಸ್ಸು ಮಾಡಿ ಮಾಡಬೇಕಾಯಿತು.

ಇಲ್ಲಿ ಹಳೆಯ ನೀತಿ ತಲೆಕೆಳಗಾಯಿತು. ಸಣ್ಣ ದಾರದಲ್ಲಿ ಬಹಳ ಹೊತ್ತು ಆಡಿಸಿದ ಮೀನು ತೀರ ಬಳಲುತ್ತದೆ. ಬಿಟ್ಟ ಮೇಲೆ ಈಜಿ ಹೋದರೂ ಆಮೇಲೆ ಸಾಯುವ ಸಂಭವ ಹೆಚ್ಚು, ಅದರಲ್ಲೂ ನೀರು ಬೆಚ್ಚಗಿದ್ದಾಗ. ಜೊಂಡಿನಲ್ಲಿ ಸಿಕ್ಕಿ ಹರಿದ ದಾರ ಮೀನಿನ ಬಾಯಿಂದ ಜೋತಾಡುತ್ತಿರುತ್ತದೆ. ಹಿಡಿದು ಬಿಡುವುದೇ ಉದ್ದೇಶವಾದರೆ ಗಟ್ಟಿ ದಾರದಲ್ಲಿ ಬೇಗ ಎಳೆದು, ಬೇಗ ಬಿಡುವುದೇ ದಯೆ.

ಆದ್ದರಿಂದಲೇ ಇಂದಿನ ಬಾಸ್ ಹವ್ಯಾಸಿ ಅಂಗಡಿಯಲ್ಲಿ ಮೊದಲು ಕೋಲು ಆರಿಸುವುದಿಲ್ಲ. ಮೀನು ಎಲ್ಲಿದೆ ಎಂಬುದರಿಂದ ಶುರುಮಾಡುತ್ತಾನೆ. ತಿಳಿಯಾದ ತೆರೆದ ನೀರಾದರೆ 8ರಿಂದ 12 ಪೌಂಡ್ ತಾಳುವ ನೈಲಾನ್ ಅಥವಾ ಫ್ಲೋರೋಕಾರ್ಬನ್ ಸಾಕು. ಫ್ಲೋರೋಕಾರ್ಬನ್ ಬೆಳಕನ್ನು ಬಾಗಿಸುವ ಪ್ರಮಾಣ ನೈಲಾನಿಗಿಂತ ನೀರಿಗೆ ಹತ್ತಿರವಾದ್ದರಿಂದ ಅದು ಕಣ್ಣಿಗೆ ಬೀಳುವುದು ಕಡಿಮೆ. ದಟ್ಟ ಜೊಂಡಾದರೆ 50 ಪೌಂಡಿನ, ಹಿಗ್ಗದ ಹೆಣೆದ ದಾರ. ಹಗುರ ಎರೆಗೆ ಉರುಳೆ ತಿರುಗದ ರಾಟೆ, ಭಾರದ ಎರೆಗೆ ಕೆಂಟಕಿ ವಂಶದ ರಾಟೆ. ರಾಟೆಯ ಬಿಗಿಯನ್ನು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗಕ್ಕೆ ಹೊಂದಿಸುವುದು ವಾಡಿಕೆ. ಎರೆಯ ತೂಕಕ್ಕೆ ಬಾಗಬಲ್ಲ, ಆ ದಾರಕ್ಕೆ ತಕ್ಕ ಕೋಲಿನ ಆಯ್ಕೆ ಕೊನೆಗೆ.

ಹಿಡಿದು ಬಿಡುವುದೇ ಎಲ್ಲ ಕಡೆ ಧರ್ಮವೇ? 1932ರಲ್ಲಿ ಜಾರ್ಜಿಯಾದ ಯುವ ರೈತ ಜಾರ್ಜ್ ಪೆರ್ರಿ 22 ಪೌಂಡ್ 4 ಔನ್ಸ್ ತೂಗಿದ ಲಾರ್ಜ್‌ಮೌತ್ ಹಿಡಿದ. ಆರ್ಥಿಕ ಮುಗ್ಗಟ್ಟಿನ ಕಾಲ, ಮನೆಮಂದಿ ಆ ವಿಶ್ವದಾಖಲೆಯನ್ನು ಅಡುಗೆ ಮಾಡಿ ಉಂಡರು. ಅದನ್ನು ಸರಿಗಟ್ಟಿದ ಮೀನು ಸಿಕ್ಕಿದ್ದು 2009ರಲ್ಲಿ, ಜಪಾನಿನ ಬಿವಾ ಸರೋವರದಲ್ಲಿ, ಮನಬು ಕುರಿಟಾ ಅವರಿಗೆ. ಜಪಾನಿಗೆ ಬಾಸ್ ಬಂದದ್ದು 1925ರಲ್ಲಿ. ಅಲ್ಲಿನ ಮೂಲ ಮೀನುಗಳನ್ನು ಅದು ನುಂಗುತ್ತಿದೆಯೆಂದು, ಹಿಡಿದ ಬಾಸನ್ನು ಬಿವಾ ಸರೋವರಕ್ಕೆ ಮರಳಿ ಬಿಡುವುದನ್ನು ಶಿಗಾ ಪ್ರಾಂತ್ಯ 2003ರಿಂದ ನಿಷೇಧಿಸಿದೆ. ಅಮೆರಿಕದಲ್ಲಿ ಪುಣ್ಯವಾದದ್ದು ಅಲ್ಲಿ ಅಪರಾಧ.

ಕಾವೇರಿಯ ಪ್ರಶ್ನೆ ಇನ್ನೊಂದು ಬಗೆಯದು. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ ಭಾರತದ ಗಾಳದ ಬೇಟೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. ಮಹಶೀರ್ ಅದರ ನಾಯಕ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಆ ದೈತ್ಯ ಮೀನಿನ ಕುಲ, ಕಾವೇರಿ ಕಣಿವೆಯ ಗೂನುಬೆನ್ನಿನ ಮಹಶೀರ್, 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಅದು ಹೊರಗಿನಿಂದ ಬಂದದ್ದಲ್ಲ, ಆ ನದಿ ಬಿಟ್ಟರೆ ಅದಕ್ಕೆ ಬೇರೆ ಮನೆಯಿಲ್ಲ.

ದಾರ ಎಷ್ಟು ಗಟ್ಟಿಯಿರಬೇಕೆಂಬ ಪ್ರಶ್ನೆಗೆ ಅಂಗಡಿಯವನು ಪೌಂಡಿನ ಲೆಕ್ಕದಲ್ಲಿ ಉತ್ತರ ಹೇಳಬಲ್ಲ. ಆದರೆ ಗಟ್ ಎಳೆಯ ಕಾಲದಂತೆ ಈಗ ಮೀನನ್ನು ದಾರ ಕಾಯುವುದಿಲ್ಲ. ಆ ಮೀನು ಆ ನೀರಿಗೆ ಸೇರಿದ್ದೇ, ದಡಕ್ಕೆ ಬಂದ ಮೇಲೆ ಅದನ್ನು ಏನು ಮಾಡಬೇಕು ಎಂಬುದು ಕೋಲು ಹಿಡಿದವನು ಎರೆ ಎಸೆಯುವ ಮೊದಲೇ ತೀರ್ಮಾನಿಸಬೇಕಾದ ಸಂಗತಿ.